ಸಂಗ್ರಹ ಕೈಯಲ್ಲಿದೆ, ಬರೆಯಬೇಕಾದ ಪ್ರಶ್ನೆ ಯಾವುದು?

ಪ್ರಶ್ನೆ: ನಾನು ಒಂದು ಕಲಾಶಾಲೆಯಲ್ಲಿ ಗ್ರಂಥಪಾಲಕಿ. ಕಲಾ ವಿಮರ್ಶಕರೊಬ್ಬರು ಜೀವಮಾನವಿಡೀ ಕೂಡಿಟ್ಟಿದ್ದ ಸಂಗ್ರಹವನ್ನು ಅವರ ಕುಟುಂಬದವರು ನಮ್ಮ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟಿದ್ದಾರೆ. ಪ್ರದರ್ಶನಗಳ ಕ್ಯಾಟಲಾಗುಗಳು, ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿಗಳಿರುವ ಹರಾಜು ಕ್ಯಾಟಲಾಗುಗಳು, ಆಹ್ವಾನಪತ್ರಿಕೆಗಳು, ಕಲಾವಿದರು ಬರೆದ ಪತ್ರಗಳು, ಕಲಾವಿದರೇ ರೂಪಿಸಿ ಅಚ್ಚು ಹಾಕಿಸಿದ ಕೆಲವು ಪುಸ್ತಕಗಳು ಅದರಲ್ಲಿವೆ. ಇದರ ಬಗ್ಗೆ ಬರೆದು ಪ್ರಕಟಿಸಬೇಕೆಂಬ ಆಸೆ ನನಗಿದೆ. ಲೇಖನ ಬರೆಯಲೇ, ಪುಸ್ತಕವನ್ನೇ ಬರೆಯಲೇ? ಯಾರಿಗೆ, ಹೇಗೆ ಪ್ರಸ್ತಾವ ಸಲ್ಲಿಸಬೇಕು? ನಾನು ಕಲಾ ಇತಿಹಾಸ ಓದಿದವಳಲ್ಲ. ಸಂಪಾದಕರು ನನ್ನ ಬರಹವನ್ನು ಗಣನೆಗೆ ತೆಗೆದುಕೊಳ್ಳುತ್ತಾರೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ಅಳುಕು ಉಳಿದುಬಿಟ್ಟರೆ ಮಿಕ್ಕದ್ದನ್ನು ಹೇಳಿ ಪ್ರಯೋಜನವಿಲ್ಲ. ಕಲಾ ಇತಿಹಾಸಕಾರರು ಒಂದು ಸಂಗ್ರಹದ ಬಳಿಗೆ ಸಾಮಾನ್ಯವಾಗಿ ಬರುವುದು ತಮಗೆ ಬೇಕಾದ ಒಂದು ಕಾಗದವನ್ನು ಹುಡುಕಿಕೊಂಡು; ಅದು ಸಿಕ್ಕಿದ ಮೇಲೆ ಹೊರಟುಬಿಡುತ್ತಾರೆ. ಪೆಟ್ಟಿಗೆಗಳನ್ನು ಬಿಚ್ಚಿದವರು ನೀವು. ಯಾವ ಪುಸ್ತಕದೊಳಗೆ ಯಾವ ಆಹ್ವಾನಪತ್ರಿಕೆ ಮಡಚಿಟ್ಟಿತ್ತು, ಯಾವ ವರ್ಷದಿಂದ ಕೈಬರಹ ಬದಲಾಯಿತು, ಯಾವ ಕಲಾವಿದರ ಕ್ಯಾಟಲಾಗುಗಳು ಒಂದಿಲ್ಲದಂತೆ ಎಲ್ಲವೂ ಇವೆ, ಯಾರದ್ದು ಒಂದೂ ಇಲ್ಲ ಎಂಬುದನ್ನು ಕಂಡವರೂ ನೀವೇ. ಆ ತಿಳಿವಳಿಕೆಗೆ ಪದವಿಯ ಆಸರೆ ಬೇಕಿಲ್ಲ.

ಈ ಕ್ಷೇತ್ರದಲ್ಲಿ ಬಹುಕಾಲ ಬಾಳಿದ ಕೃತಿಗಳಲ್ಲಿ ಕೆಲವು ಹುಟ್ಟಿದ್ದು ಪುಸ್ತಕಗಳನ್ನು ಕೂಡಿಟ್ಟವರ, ಜೋಡಿಸಿದವರ ಕೈಯಲ್ಲೇ. ಇಟಲಿಯ ಲಿಯೊಪೋಲ್ಡೊ ಚಿಕೊನ್ಯಾರಾ ತನ್ನ ಬಳಿಯಿದ್ದ ಕಲಾಗ್ರಂಥಗಳ ವಿವರಣಾತ್ಮಕ ಪಟ್ಟಿಯನ್ನು 1821ರಲ್ಲಿ ಪೀಸಾದಿಂದ ಎರಡು ಸಂಪುಟಗಳಲ್ಲಿ ಹೊರತಂದ. ಸುಮಾರು 4,800 ಶೀರ್ಷಿಕೆಗಳ ಪಟ್ಟಿ ಅದು. ಮೂರು ವರ್ಷಗಳ ನಂತರ ಆ ಸಂಗ್ರಹವನ್ನು ವ್ಯಾಟಿಕನ್ ಗ್ರಂಥಾಲಯಕ್ಕಾಗಿ ಕೊಳ್ಳಲಾಯಿತು. ಹಳೆಯ ಕಲಾಗ್ರಂಥವೊಂದನ್ನು ಖಚಿತವಾಗಿ ಗುರುತಿಸಲು ಆ ಪಟ್ಟಿಯಲ್ಲಿ ಅದಕ್ಕಿರುವ ಕ್ರಮಸಂಖ್ಯೆಯನ್ನು, ಅಂದರೆ ಚಿಕೊನ್ಯಾರಾ ಸಂಖ್ಯೆಯನ್ನು, ಇಂದಿಗೂ ಉಲ್ಲೇಖಿಸುತ್ತಾರೆ. ಹರಾಜು ಕ್ಯಾಟಲಾಗುಗಳ ವಿಷಯದಲ್ಲಿ ಅಂಥದೇ ಸ್ಥಾನ ಫ್ರಿಟ್ಸ್ ಲುಗ್ಟ್ ಎಂಬ ಡಚ್ ಸಂಗ್ರಾಹಕನಿಗಿದೆ. ಆತ ಎಳೆಯ ವಯಸ್ಸಿನಲ್ಲೇ ಹರಾಜು ಸಂಸ್ಥೆಯೊಂದಕ್ಕೆ ಸೇರಿ ಕೆಲಸ ಕಲಿತವನು. 1600ರಿಂದ 1925ರವರೆಗಿನ ಹರಾಜು ಕ್ಯಾಟಲಾಗುಗಳನ್ನು, ಅವುಗಳ ಪ್ರತಿಗಳು ಯಾವ ಗ್ರಂಥಾಲಯಗಳಲ್ಲಿವೆ ಎಂಬ ವಿವರದ ಸಮೇತ ದಾಖಲಿಸುವ ಅವನ ಸೂಚಿಯ ಮೊದಲ ಸಂಪುಟ 1938ರಲ್ಲಿ ಬಂದಿತು. ನಿಮ್ಮಲ್ಲಿರುವ ಹರಾಜು ಕ್ಯಾಟಲಾಗುಗಳು ಆ ಅವಧಿಯವಾದರೆ ಆ ಸೂಚಿಯಲ್ಲಿ ಅವಕ್ಕಿರುವ ಲುಗ್ಟ್ ಸಂಖ್ಯೆಯನ್ನು ಈಗಲೇ ಹುಡುಕಿ ಬರೆದಿಟ್ಟುಕೊಳ್ಳಿ.

ಈಗ ನಾನು ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ‘ನಮ್ಮಲ್ಲಿ ಇಂಥ ಅಪರೂಪದ ಸಂಗ್ರಹವಿದೆ’ ಎಂಬುದು ಸುದ್ದಿ, ಅದರಿಂದ ಲೇಖನವಾಗುವುದಿಲ್ಲ. ಸಂಪಾದಕರ ಮೇಜಿಗೆ ಬರುವ ಪ್ರಸ್ತಾವಗಳಲ್ಲಿ ಬಹಳಷ್ಟು ಬಿದ್ದುಹೋಗುವುದು ಇಲ್ಲಿಯೇ. ಎಷ್ಟು ಪೆಟ್ಟಿಗೆ, ಎಷ್ಟು ಪುಸ್ತಕ, ಯಾರ ದಾನ ಎಂದು ಹೇಳಿ ಮುಗಿಸುತ್ತಾರೆ. ಅದೆಲ್ಲ ಗ್ರಂಥಾಲಯದ ಸೂಚಿಯಲ್ಲಿ ಇರಬೇಕಾದದ್ದು. ಲೇಖನಕ್ಕೆ ಬೇಕಾದದ್ದು ಒಂದು ಪ್ರಶ್ನೆ: ಈ ವಸ್ತುಗಳೆಲ್ಲ ಹೀಗೆ ಒಂದೇ ಕಡೆ ಉಳಿದಿರುವುದರಿಂದಲೇ ತಿಳಿಯುವ, ಬೇರೆ ರೀತಿಯಲ್ಲಿ ತಿಳಿಯಲಾಗದ ಸಂಗತಿ ಯಾವುದು?

ನಿಮ್ಮ ಸಂಗ್ರಹವನ್ನೇ ನೋಡೋಣ. ಪ್ರದರ್ಶನದ ಕ್ಯಾಟಲಾಗು ಅಚ್ಚಾಗುವುದು ಸಾಮಾನ್ಯವಾಗಿ ಪ್ರದರ್ಶನ ತೆರೆಯುವ ಮೊದಲು. ಕೊನೆಯ ಗಳಿಗೆಯಲ್ಲಿ ಬಾರದ ಕೃತಿ, ಬದಲಾದ ಶೀರ್ಷಿಕೆ, ಪಟ್ಟಿಯಲ್ಲಿಲ್ಲದೆ ಗೋಡೆಗೇರಿದ ಚಿತ್ರ, ಇವು ಯಾವುವೂ ಅದರಲ್ಲಿ ಇರುವುದಿಲ್ಲ. ಪ್ರದರ್ಶನಕ್ಕೆ ಕ್ಯಾಟಲಾಗನ್ನು ಕೈಯಲ್ಲಿ ಹಿಡಿದೇ ಹೋದ ವಿಮರ್ಶಕರ ಪ್ರತಿಯಲ್ಲಿ ಅವೆಲ್ಲ ಗುರುತಾಗಿರಬಹುದು. ಅಂಥ ಪ್ರತಿ ಗೋಡೆಯ ಮೇಲೆ ನಿಜವಾಗಿ ಏನಿತ್ತೆಂಬುದಕ್ಕೆ ಸಾಕ್ಷಿ. ಅದೇ ಕ್ಯಾಟಲಾಗಿನ ಶುಚಿಯಾದ ಪ್ರತಿಗಳು ನೂರು ಗ್ರಂಥಾಲಯಗಳಲ್ಲಿದ್ದರೂ ಈ ಮಾತನ್ನು ಹೇಳಲಾರವು. ಹಾಗೆಯೇ, ಕ್ಯಾಟಲಾಗಿನೊಳಗೆ ಸಿಕ್ಕಿಸಿ ಕೊಡುತ್ತಿದ್ದ ಬಿಡಿ ಹಾಳೆಯ ದರಪಟ್ಟಿ. ಗ್ರಂಥಾಲಯಗಳು ಹೊಸ ರಟ್ಟು ಕಟ್ಟಿಸುವಾಗ ಇಂಥ ಹಾಳೆಗಳನ್ನೂ ಮೂಲ ಹೊದಿಕೆಗಳನ್ನೂ ತೆಗೆದುಹಾಕುತ್ತಿದ್ದದ್ದು ಸಾಮಾನ್ಯ ರೂಢಿಯಾಗಿತ್ತು. ಖಾಸಗಿ ಸಂಗ್ರಹಗಳಲ್ಲಿ ಅವು ಉಳಿದುಕೊಂಡಿರುವ ಸಂಭವ ಹೆಚ್ಚು. ಒಂದೇ ಗ್ಯಾಲರಿಯ ದರಪಟ್ಟಿಗಳು ಹತ್ತು ಹದಿನೈದು ವರ್ಷಗಳುದ್ದಕ್ಕೂ ನಿಮ್ಮಲ್ಲಿದ್ದರೆ ಅದೊಂದೇ ಒಂದು ಒಳ್ಳೆಯ ಲೇಖನಕ್ಕೆ ಸಾಕು.

ಹರಾಜು ಕ್ಯಾಟಲಾಗಿನ ಅಂಚಿನಲ್ಲಿ ಬರೆದ ಬೆಲೆ ಮತ್ತು ಕೊಂಡವರ ಹೆಸರಿನ ಮಹತ್ವ ಇನ್ನೂ ಹೆಚ್ಚು. ಕೃತಿಯೊಂದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಹಿಂಬಾಲಿಸುವವರಿಗೆ ಇಂಥ ಟಿಪ್ಪಣಿ ಎಷ್ಟೋ ಸಲ ಉಳಿದಿರುವ ಒಂದೇ ಸುಳಿವು. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳ ಬಗ್ಗೆ 1998ರಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ದೇಶಗಳು ತತ್ತ್ವಗಳನ್ನು ಒಪ್ಪಿಕೊಂಡ ಮೇಲೆ ಈ ಹುಡುಕಾಟಕ್ಕೆ ಬಲ ಬಂದಿತು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಗೆಟ್ಟಿ ಸಂಶೋಧನಾ ಸಂಸ್ಥೆ ಬರ್ಲಿನ್ನಿನ ಕಲಾ ಗ್ರಂಥಾಲಯದ ಜೊತೆ ಸೇರಿ ಜರ್ಮನ್ ಹರಾಜು ಕ್ಯಾಟಲಾಗುಗಳನ್ನು ಡಿಜಿಟಲ್ ರೂಪಕ್ಕೆ ತಂದದ್ದರ ಹಿಂದೆಯೂ ಇದೇ ಅಗತ್ಯವಿತ್ತು. ನಿಮ್ಮ ಪೆನ್ಸಿಲ್ ಟಿಪ್ಪಣಿಗಳು ಬೇರೆ ದೇಶದವು, ಬೇರೆ ಕಾಲದವು ಆಗಿರಬಹುದು. ಆದರೂ ಅವನ್ನು ಓದುವ ವಿಧಾನ ಇದೇ.

ಕೆಲವೊಮ್ಮೆ ಸಂಗ್ರಹದ ಜೋಡಣೆಯೇ ವಿಷಯವಾಗುತ್ತದೆ. ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ಹ್ಯಾಂಬರ್ಗಿನಲ್ಲಿ ಕಟ್ಟಿದ ಗ್ರಂಥಾಲಯದಲ್ಲಿ ಪುಸ್ತಕಗಳು ಲೇಖಕರ ಹೆಸರಿನ ಕ್ರಮದಲ್ಲಿ ಇರಲಿಲ್ಲ. ಒಂದು ವಿಚಾರದ ಪಕ್ಕದಲ್ಲಿ ಯಾವ ವಿಚಾರವಿರಬೇಕು ಎಂಬ ಆತನ ಚಿಂತನೆಯಂತೆ ಇದ್ದವು. ನಾವು ಹುಡುಕಿಕೊಂಡು ಹೋದ ಪುಸ್ತಕಕ್ಕಿಂತ ಅದರ ನೆರೆಯಲ್ಲಿರುವ ಪುಸ್ತಕ ಹೆಚ್ಚು ಬೇಕಾದದ್ದಾಗಿರುತ್ತದೆ ಎಂದು ಆತ ನಂಬಿದ್ದ. 1933ರಲ್ಲಿ ಆ ಗ್ರಂಥಾಲಯ ಲಂಡನ್ನಿಗೆ ಸ್ಥಳಾಂತರವಾದಾಗ ಪುಸ್ತಕಗಳ ಜೊತೆಗೆ ಆ ಕ್ರಮವೂ ಹೋಯಿತು. ಅದರ ಬಗ್ಗೆ ಇಂದಿಗೂ ಬರೆಯುತ್ತಿದ್ದಾರೆ. ಆದ್ದರಿಂದ ನಿಮ್ಮ ಸಂಗ್ರಹವನ್ನು ಕಪಾಟುಗಳಿಗೆ ಹಂಚುವ ಮೊದಲು, ವಿಮರ್ಶಕರು ಇಟ್ಟುಕೊಂಡಿದ್ದ ಕ್ರಮವನ್ನು ಬರೆದಿಡಿ, ಫೋಟೊ ತೆಗೆದಿಡಿ. ಒಮ್ಮೆ ಕಲಸಿದರೆ ಆ ಕ್ರಮ ಮರಳಿ ಸಿಗುವುದಿಲ್ಲ.

ಕಲಾವಿದರೇ ಮಾಡಿದ ಪುಸ್ತಕಗಳ ಬಗ್ಗೆ ಒಂದು ಮಾತು. ಇವು ಗ್ರಂಥಾಲಯಕ್ಕೆ ಸೇರಿದವೋ ಸಂಗ್ರಹಾಲಯಕ್ಕೆ ಸೇರಿದವೋ ಎಂಬ ಗೊಂದಲ ಹಳೆಯದು. ಪೆಟ್ರೋಲ್ ಬಂಕುಗಳ ಇಪ್ಪತ್ತಾರು ಚಿತ್ರಗಳ ತನ್ನ 1963ರ ಪುಟ್ಟ ಪುಸ್ತಕವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸ್ವೀಕರಿಸದೆ ಹಿಂದಿರುಗಿಸಿದಾಗ, ಅಮೆರಿಕದ ಕಲಾವಿದ ಎಡ್ ರುಶೇ ಆ ನಿರಾಕರಣೆಯನ್ನೇ ಮುಂದಿಟ್ಟು 1964ರಲ್ಲಿ ಕಲಾ ನಿಯತಕಾಲಿಕೆಯೊಂದರಲ್ಲಿ ಜಾಹೀರಾತು ಕೊಟ್ಟ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಫ್ರಾಂಕ್ಲಿನ್ ಫರ್ನೆಸ್ ಎಂಬ ಸಂಸ್ಥೆಯ ಬಳಿಯಿದ್ದ ಇಂಥ ಪುಸ್ತಕಗಳ ದೊಡ್ಡ ಸಂಗ್ರಹವನ್ನು 1993ರಲ್ಲಿ ತನ್ನದಾಗಿಸಿಕೊಂಡಿತು. ನಿಮ್ಮ ವಿಮರ್ಶಕರಿಗೆ ಇವು ಹೇಗೆ ಬಂದವು? ಕೊಂಡದ್ದೇ, ಕಲಾವಿದರು ಕೊಟ್ಟದ್ದೇ? ಮೊದಲ ಪುಟದಲ್ಲಿ ಹಸ್ತಾಕ್ಷರವಿದೆಯೇ? ಇಂಥ ಪುಸ್ತಕವನ್ನು ಬರಿದೇ ವರ್ಣಿಸುವ ಲೇಖನಕ್ಕಿಂತ, ಅದು ಕೈಯಿಂದ ಕೈಗೆ ದಾಟಿದ ಬಗೆಯನ್ನು ಹೇಳುವ ಲೇಖನವೇ ನನಗೆ ಹೆಚ್ಚು ಬೇಕು.

ಲೇಖನವೇ, ಪುಸ್ತಕವೇ? ಮೊದಲು ಲೇಖನ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಒಂದು ಪ್ರಶ್ನೆ, ಐದಾರು ಸಾವಿರ ಪದ, ಆರೇಳು ಚಿತ್ರ. ಅದು ಪ್ರಕಟವಾದರೆ ನಿಮ್ಮ ಸಂಗ್ರಹದ ಬಗ್ಗೆ ವಿದ್ವಾಂಸರ ಪತ್ರಗಳು ಬರತೊಡಗುತ್ತವೆ, ನೀವು ಗುರುತಿಸದೇ ಇದ್ದ ಹೆಸರುಗಳನ್ನು ಅವರು ಗುರುತಿಸುತ್ತಾರೆ. ಪುಸ್ತಕಕ್ಕೆ ಬೇಕಾದ ಮುಂದಿನ ಅಧ್ಯಾಯಗಳು ಅಲ್ಲಿಂದ ಹುಟ್ಟುತ್ತವೆ. ಹಲವು ವಿಷಯಗಳ ತಜ್ಞರನ್ನು ಕರೆದು ಒಬ್ಬೊಬ್ಬರಿಂದ ಒಂದೊಂದು ಅಧ್ಯಾಯ ಬರೆಸುವ ಸಂಪಾದಿತ ಸಂಪುಟವೂ ಮುಂದೆ ಸಾಧ್ಯ. ಪ್ರದರ್ಶನವೊಂದನ್ನು ಏರ್ಪಡಿಸಿ ಅದರ ಕ್ಯಾಟಲಾಗಿನಲ್ಲಿ ಬರೆಯುವುದೂ ಒಳ್ಳೆಯ ದಾರಿಯೇ. ಆದರೆ ಪ್ರದರ್ಶನದ ದಿನಾಂಕ ತಲೆಯ ಮೇಲೆ ಕುಳಿತಾಗ ಸಂಶೋಧನೆ ಸೊರಗುತ್ತದೆ.

ಎಲ್ಲಿಗೆ ಕಳುಹಿಸಬೇಕು? ಕಲಾ ಗ್ರಂಥಾಲಯಗಳಿಗೇ ಮೀಸಲಾದ ಎರಡು ಪತ್ರಿಕೆಗಳನ್ನು ನೀವು ತಿಳಿದಿರಲೇಬೇಕು. ಬ್ರಿಟನ್ ಮತ್ತು ಐರ್ಲೆಂಡಿನ ಕಲಾ ಗ್ರಂಥಾಲಯಗಳ ಸಂಘ 1969ರಲ್ಲಿ ಹುಟ್ಟಿತು. ಅದರ ‘ಆರ್ಟ್ ಲೈಬ್ರರೀಸ್ ಜರ್ನಲ್’ 1976ರಿಂದ ಬರುತ್ತಿದೆ, ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುದ್ರಣಾಲಯದ ಮೂಲಕ. ಉತ್ತರ ಅಮೆರಿಕದ ಸಂಘ 1972ರಲ್ಲಿ ಆರಂಭವಾಯಿತು. ಅದರ ‘ಆರ್ಟ್ ಡಾಕ್ಯುಮೆಂಟೇಶನ್’ 1982ರಲ್ಲಿ ಶುರುವಾಗಿ, ಈಗ ಷಿಕಾಗೊ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪ್ರಕಟವಾಗುತ್ತಿದೆ. ಈ ಸಂಘ ಪತ್ರಿಕೆಯ ಹೊರಗೂ ಬಿಡಿ ಪ್ರಬಂಧಗಳ ಮಾಲೆಯನ್ನು ಹೊರತಂದಿದೆ. ನಿಮ್ಮ ಪ್ರಶ್ನೆ ಗ್ರಂಥಾಲಯಕ್ಕಿಂತ ಸಂಗ್ರಾಹಕರ ಕಡೆ ವಾಲಿದರೆ, ಸಂಗ್ರಹಗಳ ಇತಿಹಾಸಕ್ಕಾಗಿಯೇ 1989ರಿಂದ ಆಕ್ಸ್‌ಫರ್ಡಿನಿಂದ ಬರುತ್ತಿರುವ ‘ಜರ್ನಲ್ ಆಫ್ ದ ಹಿಸ್ಟರಿ ಆಫ್ ಕಲೆಕ್ಷನ್ಸ್’ ಇದೆ. ಒಂದನ್ನು ಆರಿಸಿಕೊಂಡ ಮೇಲೆ ಅದರ ಕಳೆದ ಎರಡು ಮೂರು ವರ್ಷಗಳ ಸಂಚಿಕೆಗಳನ್ನು ಓದಿ. ಓದದೆ ಕಳುಹಿಸಿದ ಬರಹ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ಪ್ರಸ್ತಾವವೆಂದರೆ ಹೆಚ್ಚೆಂದರೆ ಮುನ್ನೂರು ಪದ. ಅದನ್ನು ಹೀಗೆ ಬರೆಯುವವರಿದ್ದಾರೆ: ‘ನಮ್ಮ ಗ್ರಂಥಾಲಯದಲ್ಲಿ ಪ್ರಸಿದ್ಧ ವಿಮರ್ಶಕರೊಬ್ಬರ ಅಮೂಲ್ಯ ಸಂಗ್ರಹವಿದೆ. ಅದರಲ್ಲಿ ಅಪರೂಪದ ಕ್ಯಾಟಲಾಗುಗಳೂ ಪತ್ರಗಳೂ ಇವೆ. ಈ ಲೇಖನ ಅವುಗಳನ್ನು ಪರಿಚಯಿಸುತ್ತದೆ.’ ಇದನ್ನು ಓದಿದ ಸಂಪಾದಕರಿಗೆ ಮುಂದೇನು ಕೇಳಬೇಕೆಂದೇ ತೋಚುವುದಿಲ್ಲ. ಅದೇ ಸಂಗ್ರಹದ ಬಗ್ಗೆ ಹೀಗೂ ಬರೆಯಬಹುದು: ‘ಪ್ರದರ್ಶನದ ಕ್ಯಾಟಲಾಗು ಪ್ರದರ್ಶನಕ್ಕಿಂತ ಮೊದಲೇ ಅಚ್ಚಾಗುವುದರಿಂದ, ಏನನ್ನು ತೂಗುಹಾಕಿದ್ದರು ಎಂಬುದಕ್ಕೆ ಅದು ಪೂರ್ಣ ಸಾಕ್ಷಿಯಾಗಲಾರದು. ವಿಮರ್ಶಕರೊಬ್ಬರು ಸ್ಥಳದಲ್ಲೇ ಗುರುತು ಹಾಕಿದ ಕ್ಯಾಟಲಾಗುಗಳನ್ನು ಆಧರಿಸಿ, ಅಚ್ಚಾದ ಪಟ್ಟಿಗೂ ಗೋಡೆಗೂ ಇದ್ದ ಅಂತರವನ್ನು ಈ ಲೇಖನ ತೋರಿಸುತ್ತದೆ. ಇಂಥ ಗುರುತುಗಳನ್ನು ಗ್ರಂಥಾಲಯದ ಸೂಚಿಯಲ್ಲಿ ದಾಖಲಿಸುವ ಕ್ರಮವೊಂದನ್ನೂ ಮುಂದಿಡುತ್ತದೆ.’ ಇಲ್ಲಿ ಪ್ರಶ್ನೆಯಿದೆ, ಆಧಾರವಿದೆ, ಓದುಗರು ತಮ್ಮ ಗ್ರಂಥಾಲಯಕ್ಕೆ ಕೊಂಡೊಯ್ಯಬಹುದಾದ ಫಲವೂ ಇದೆ. ‘ಅಮೂಲ್ಯ’ ಎಂಬ ಪದ ಎಲ್ಲೂ ಇಲ್ಲದಿದ್ದರೂ ಸಂಗ್ರಹದ ಬೆಲೆ ತಿಳಿಯುತ್ತದೆ. ಈ ಎರಡು ಮೂರು ವಾಕ್ಯಗಳ ಮೇಲೆ ಒಂದು ವಾರ ಕುಳಿತರೂ ಅದು ವ್ಯರ್ಥವಲ್ಲ. ಮಿಕ್ಕ ಜಾಗದಲ್ಲಿ ಎಷ್ಟು ಕ್ಯಾಟಲಾಗುಗಳನ್ನು ನೋಡಿದ್ದೀರಿ, ಯಾವ ಅವಧಿಯವು, ಈ ಬಗ್ಗೆ ಮೊದಲು ಯಾರು ಏನು ಬರೆದಿದ್ದಾರೆ, ಎಷ್ಟು ಚಿತ್ರ ಬೇಕು, ಯಾವಾಗ ಮುಗಿಸುತ್ತೀರಿ ಎಂಬುದನ್ನು ಹೇಳಿ.

ಪುಸ್ತಕದ ಪ್ರಸ್ತಾವ ಇದಕ್ಕಿಂತ ಉದ್ದ: ಒಟ್ಟು ಆಶಯ, ಅಧ್ಯಾಯವಾರು ವಿವರ, ಓದುಗರು ಯಾರು, ಈ ಸಾಲಿನಲ್ಲಿ ಬಂದಿರುವ ಬೇರೆ ಪುಸ್ತಕಗಳಿಗಿಂತ ಇದು ಹೇಗೆ ಭಿನ್ನ, ಒಟ್ಟು ಪದಗಳು, ಕಪ್ಪುಬಿಳುಪು ಮತ್ತು ಬಣ್ಣದ ಚಿತ್ರಗಳ ಸಂಖ್ಯೆ, ಅವುಗಳ ಅನುಮತಿಯ ಸ್ಥಿತಿ, ಜೊತೆಗೆ ಒಂದೆರಡು ಮಾದರಿ ಅಧ್ಯಾಯ. ಬಣ್ಣದ ಚಿತ್ರಗಳು ಹೆಚ್ಚಿದಷ್ಟೂ ಖರ್ಚು ಏರುತ್ತದೆ. ಅದಕ್ಕೆ ಸಹಾಯಧನ ಎಲ್ಲಿಂದ ಬರುತ್ತದೆ ಎಂದು ಪ್ರಕಾಶಕರು ಕೇಳಿಯೇ ಕೇಳುತ್ತಾರೆ. ಪುಸ್ತಕದ ಪ್ರಸ್ತಾವವನ್ನು ಒಂದಕ್ಕಿಂತ ಹೆಚ್ಚು ಪ್ರಕಾಶಕರಿಗೆ, ಹಾಗೆಂದು ತಿಳಿಸಿ, ಕಳುಹಿಸಬಹುದು. ಲೇಖನವನ್ನು ಮಾತ್ರ ಒಂದೇ ಕಾಲಕ್ಕೆ ಎರಡು ಪತ್ರಿಕೆಗಳಿಗೆ ಕೊಡಬಾರದು.

ಪ್ರಸ್ತಾವ ಕಳುಹಿಸುವ ಮೊದಲು ಮೂರು ಬಾಗಿಲು ತಟ್ಟಬೇಕು. ಸಂಸ್ಥೆಯ ಒಪ್ಪಿಗೆ ಲಿಖಿತವಾಗಿ ಬೇಕು. ದಾನಪತ್ರವನ್ನು ತೆಗೆದು ಓದಬೇಕು: ಇಷ್ಟು ವರ್ಷ ಪತ್ರಗಳನ್ನು ತೆರೆಯಬಾರದು, ಪ್ರಕಟಿಸುವ ಮೊದಲು ಕುಟುಂಬವನ್ನು ಕೇಳಬೇಕು ಎಂಬಂಥ ಷರತ್ತುಗಳು ಅದರಲ್ಲಿ ಇರಬಹುದು. ಮೂರನೆಯದು ನಿಮ್ಮದೇ ಸೂಚಿ. ನೀವು ಚರ್ಚಿಸುವ ಪ್ರತಿಯೊಂದು ವಸ್ತುವಿಗೂ ಪರಿಗ್ರಹಣ ಸಂಖ್ಯೆ (ಗ್ರಂಥಾಲಯಕ್ಕೆ ಸೇರಿದಾಗ ಕೊಡುವ ದಾಖಲೆ ಸಂಖ್ಯೆ) ಇರಲಿ, ಸೂಚಿಯಲ್ಲಿ ನಮೂದು ಇರಲಿ. ನಿಮ್ಮ ಲೇಖನ ಓದಿ ಬಂದವರಿಗೆ ಆ ವಸ್ತು ಸಿಗದಿದ್ದರೆ ಲೇಖನದ ಅರ್ಧ ಆಯುಷ್ಯ ಅಲ್ಲಿಗೇ ಮುಗಿಯಿತು. ‘ಪೆಟ್ಟಿಗೆ 7’ ಎಂದು ಅಡಿಟಿಪ್ಪಣಿ ಬರೆದು, ಆಮೇಲೆ ಪೆಟ್ಟಿಗೆ ಬದಲಾಯಿಸುವುದು ಬೇಡ.

ಇನ್ನು ಚಿತ್ರಗಳು ಮತ್ತು ಹಕ್ಕುಗಳು. ಹೆಚ್ಚಿನ ಪ್ರಕಟಣೆಗಳು ತಡವಾಗುವುದು ಇಲ್ಲಿಯೇ, ಆದ್ದರಿಂದ ಬರವಣಿಗೆಯ ಜೊತೆಜೊತೆಗೇ ಈ ಕೆಲಸ ಶುರುಮಾಡಿ. ಕಾಗದ ನಿಮ್ಮ ಗ್ರಂಥಾಲಯದ್ದಾದರೂ ಅದರ ಮೇಲಿನ ಮಾತು ನಿಮ್ಮದಾಗುವುದಿಲ್ಲ. ಪತ್ರದ ಕೃತಿಸ್ವಾಮ್ಯ ಬರೆದವರದ್ದು, ಅವರ ನಂತರ ವಾರಸುದಾರರದ್ದು. ಪತ್ರ ಪಡೆದ ವಿಮರ್ಶಕರ ಕುಟುಂಬ ಅನುಮತಿ ಕೊಟ್ಟರೆ ಸಾಲದು. ಆಹ್ವಾನಪತ್ರಿಕೆಯ ಮೇಲೆ ಅಚ್ಚಾದ ಚಿತ್ರಕ್ಕೆ ಕಲಾವಿದರ ಹಕ್ಕು ಒಂದು, ಫೋಟೊ ತೆಗೆದವರ ಹಕ್ಕು ಇನ್ನೊಂದು ಇರಬಹುದು. ಕೃತಿಸ್ವಾಮ್ಯದ ಬಗೆಗಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಈ ಹಕ್ಕು ಸಾಮಾನ್ಯವಾಗಿ ಕರ್ತೃವಿನ ಮರಣದ ನಂತರ ಕನಿಷ್ಠ 50 ವರ್ಷ. ಐರೋಪ್ಯ ಒಕ್ಕೂಟದಲ್ಲಿ 70. ಹಕ್ಕಿನ ಅವಧಿ ಮುಗಿದ ಚಿತ್ರದ ಯಥಾಪ್ರತಿ ಫೋಟೊಗೆ ಹೊಸ ಕೃತಿಸ್ವಾಮ್ಯ ಹುಟ್ಟುವುದಿಲ್ಲ ಎಂದು ನ್ಯೂಯಾರ್ಕಿನ ನ್ಯಾಯಾಲಯವೊಂದು 1999ರಲ್ಲಿ ತೀರ್ಪು ಕೊಟ್ಟಿತು. ಐರೋಪ್ಯ ಒಕ್ಕೂಟ 2019ರ ನಿರ್ದೇಶನದಲ್ಲಿ ಅದೇ ನಿಲುವಿಗೆ ಬಂದಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ತನ್ನಲ್ಲಿರುವ, ಹಕ್ಕಿನ ಅವಧಿ ಮುಗಿದ ಕೃತಿಗಳ ಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಅಮೆರಿಕದ ಕಾಲೇಜ್ ಆರ್ಟ್ ಅಸೋಸಿಯೇಶನ್ 2015ರಲ್ಲಿ ಹೊರತಂದ ನ್ಯಾಯೋಚಿತ ಬಳಕೆಯ (ಅಂದರೆ ಕೆಲವು ಸಂದರ್ಭಗಳಲ್ಲಿ ಅನುಮತಿಯಿಲ್ಲದೆ ಬಳಸಬಹುದಾದ ಮಿತಿಯ) ಸಂಹಿತೆ ಅಲ್ಲಿನ ಕಾನೂನನ್ನು ಆಧರಿಸಿದ್ದು. ಬೇರೆ ದೇಶದಲ್ಲಿ ಪ್ರಕಟಿಸುವವರು ಅಲ್ಲಿಯ ಕಾನೂನನ್ನೇ ನೋಡಬೇಕು.

ಅನುಮತಿ ಕೇಳುವಾಗ ಮುದ್ರಿತ ಆವೃತ್ತಿಗೂ ಅಂತರಜಾಲದ ಆವೃತ್ತಿಗೂ ಒಟ್ಟಿಗೇ ಕೇಳಿ. ಮತ್ತೆ ಕೇಳುವಾಗ ಶುಲ್ಕ ಬೇರೆಯಾಗುತ್ತದೆ, ತಿಂಗಳುಗಳೂ ಉರುಳುತ್ತವೆ. ಉತ್ತರ ಬಾರದೆ ಇರುವುದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಚಿತ್ರಗಳನ್ನು, ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಬಿಂದುಗಳ ಸಾಂದ್ರತೆ ಸಿಗುವಂತೆ ತೆಗೆಸಿ. ಪೆನ್ಸಿಲ್ ಟಿಪ್ಪಣಿಯ ಪುಟಗಳನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಬೇಕು. ಬರಿಯ ಕಪ್ಪುಬಿಳುಪಿನ ಸ್ಕ್ಯಾನಿನಲ್ಲಿ ತೆಳು ಪೆನ್ಸಿಲ್ ಗೆರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ; ನಿಮ್ಮ ಇಡೀ ವಾದ ನಿಂತಿರುವುದು ಆ ಗೆರೆಯ ಮೇಲೆ.

ಪತ್ರಗಳಲ್ಲಿ ಬದುಕಿರುವವರ ಖಾಸಗಿ ಸಂಗತಿಗಳಿದ್ದರೆ ಕಾನೂನು ಬಿಟ್ಟರೂ ನೀವು ಬಿಡಬಾರದು. ವಾದಕ್ಕೆ ಬೇಕಿಲ್ಲದ ಕಾಯಿಲೆ, ಸಾಲ, ಜಗಳ ಯಾವುದೂ ಲೇಖನಕ್ಕೆ ಬರುವುದು ಬೇಡ.

ಲೇಖನ ಕಳುಹಿಸಿದ ಮೇಲೆ ವಿಷಯತಜ್ಞರ ಪರಿಶೀಲನೆಗೆ ಕೆಲವು ತಿಂಗಳು ಹಿಡಿಯುತ್ತದೆ. ‘ತಿದ್ದಿ ಮತ್ತೆ ಕಳುಹಿಸಿ’ ಎಂಬ ಉತ್ತರ ಬಂದರೆ ಕುಗ್ಗಬೇಡಿ, ಅದು ಬಾಗಿಲು ತೆರೆದಿರುವ ಗುರುತು. ಪರಿಶೀಲಕರ ಪ್ರತಿಯೊಂದು ಆಕ್ಷೇಪವನ್ನೂ ಒಂದು ಕಡೆ ಬರೆದು, ಅದರ ಎದುರಿಗೆ ಏನು ತಿದ್ದಿದ್ದೀರಿ, ತಿದ್ದದಿದ್ದರೆ ಏಕೆ ಎಂದು ಸೌಜನ್ಯದಿಂದ ವಿವರಿಸಿ ಕಳುಹಿಸಿ. ನಿಮ್ಮ ಮಾತು ಸರಿಯಿದ್ದರೆ ನಿಲ್ಲಿ. ಆ ಪುಟವನ್ನು ಕಣ್ಣಾರೆ ಕಂಡವರು ನೀವು, ಬಹುಪಾಲು ಪರಿಶೀಲಕರು ಕಂಡಿರುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವಾಗ, ಹಕ್ಕನ್ನು ಪೂರ್ತಿ ಬಿಟ್ಟುಕೊಡುತ್ತಿದ್ದೀರೋ ಪ್ರಕಟಿಸುವ ಪರವಾನಗಿಯನ್ನಷ್ಟೇ ಕೊಡುತ್ತಿದ್ದೀರೋ ನೋಡಿ. ಮುಂದೆ ಇದೇ ಬರಹ ಪುಸ್ತಕದ ಅಧ್ಯಾಯವಾಗಬೇಕು, ಇದರ ಒಂದು ಪ್ರತಿ ನಿಮ್ಮ ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಎಲ್ಲರಿಗೂ ಸಿಗಬೇಕು. ಈ ಎರಡಕ್ಕೂ ಅವಕಾಶ ಉಳಿಸಿಕೊಳ್ಳಿ. ಲೇಖನ ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಮುಕ್ತ ಪ್ರಕಟಣೆಗೆ ನಿಮ್ಮಿಂದ ಶುಲ್ಕ ಕೇಳಿದರೆ, ಆ ಪತ್ರಿಕೆ ವಿನಾಯಿತಿ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಆರಂಭಿಸುವುದು ಎಲ್ಲಿಂದ ಎಂದರೆ, ಪೆನ್ಸಿಲ್ ಗುರುತುಗಳಿರುವ ಕ್ಯಾಟಲಾಗುಗಳಿಂದ. ಇಪ್ಪತ್ತು ಮೂವತ್ತನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ಯಾವ ಬಗೆಯ ಗುರುತು, ಯಾವ ಪುಟ, ಯಾರ ಕೈಬರಹ ಎಂದು ಪಟ್ಟಿ ಮಾಡಿ; ಸಾಧ್ಯವಾದಲ್ಲಿ ಬೇರೊಂದು ಗ್ರಂಥಾಲಯದಲ್ಲಿರುವ ಅದೇ ಕ್ಯಾಟಲಾಗಿನ ಪ್ರತಿಯೊಡನೆ ಹೋಲಿಸಿ. ಅಷ್ಟಾದಾಗ ನಿಮ್ಮ ಪ್ರಶ್ನೆಯ ರೂಪ ಕಾಣಿಸುತ್ತದೆ, ಆಗ ಸಂಪಾದಕರಿಗೆ ಚಿಕ್ಕದೊಂದು ವಿಚಾರಣಾ ಪತ್ರ ಬರೆಯಿರಿ. ಲೇಖನ ಅಚ್ಚಾದ ದಿನ ಅದರ ವಿವರವನ್ನು ಆಯಾ ಕ್ಯಾಟಲಾಗಿನ ಸೂಚಿ ನಮೂದಿನಲ್ಲೇ ಸೇರಿಸಿ, ದಾನಿಗಳ ಕುಟುಂಬಕ್ಕೆ ಒಂದು ಪ್ರತಿ ಕಳುಹಿಸಿ. ಅವರ ಮನೆಯಲ್ಲಿ ಇನ್ನೂ ಒಂದೆರಡು ಪೆಟ್ಟಿಗೆ ಉಳಿದಿರಬಹುದು.